ಏಟು ತಿನ್ನುವ ಹೆಸರು

“ಆ ಹೆಸರು ಇಟ್ಕೋಬೇಡ ಮಗಾ. ಅದು ಏಟು ತಿನ್ನೋ ಹೆಸರು.”

ಪುಯಿಹಾ ಕಿಸಕ್ಕನೆ ನಕ್ಕಳು. ವಾನ್ ಚಾಯ್ ಕಾಲುವೆಯ ಸೇತುವೆಯ ಕೆಳಗೆ ಹಗಲಲ್ಲೂ ಕತ್ತಲೆ. ಕೊಳೆತ ನೀರು, ಊದುಬತ್ತಿ, ಸುಟ್ಟ ಕಾಗದ ಎಲ್ಲ ಕಲಸಿದ ನಾತ. ಅಲ್ಲಿ ಚೋಯ್ ಅಜ್ಜಿ ಕೂತಿದ್ದಳು. ಇಟ್ಟಿಗೆಯ ಮೇಲೆ ಹಳದಿ ಕಾಗದದ ಬೊಂಬೆ, ಕೈಯಲ್ಲಿ ಹಳೇ ಚಪ್ಪಲಿ. ಆಗದವರ ಹೆಸರು ಹೇಳಿದರೆ ಬೊಂಬೆ ನುಚ್ಚಾಗುವವರೆಗೆ ಬಡಿಯುವುದು ಅವಳ ಕಸುಬು.

ಹೆಸರು ಮೂ ಯೂನ್. ಸಂಜೆಮೋಡ ಎಂದು ಅರ್ಥ. ಶಾಂಘೈನಿಂದ ಬಂದ ಶೂವೆನ್ ಆ ಹೆಸರಿನಲ್ಲೇ ಕ್ಲಬ್ಬಿನಲ್ಲಿ ಹಾಡಿ, ಪರದೆಯ ಮೇಲೆ ನಟಿಸಿ, ಹಾಂಗ್ ಕಾಂಗನ್ನೆಲ್ಲ ಅಳಿಸಿದ್ದಳು. ಬಿಟ್ಟುಹೋದ ಪ್ರೀತಿಯ ಹಾಡು ಅವಳ ಬಾಯಲ್ಲಿ ಬಂದರೆ ಕುಡಿಯುವವರು ಲೋಟ ಕೆಳಗಿಡುತ್ತಿದ್ದರು. ಹೋದ ವರ್ಷ ಅವಳ ಗಂಟಲು ಕಟ್ಟಿತು. ಸ್ಟುಡಿಯೋ ಯಜಮಾನ ತಾಮ್ ಅವಳನ್ನು ಹೊರಗೆ ಹಾಕಿ, ಹೆಸರನ್ನು ಮಾತ್ರ ಒಳಗಿಟ್ಟುಕೊಂಡ. ಈಗ ಅದನ್ನು ಹೊಸ ಹಾಡುಗಾರ್ತಿ ಪುಯಿಹಾಗೆ ತೊಡಿಸಿದ್ದ.

“ಹೆಸರಿಗೆ ಹೊಡೆದ್ರೆ ನಂಗೇನಜ್ಜಿ ನೋವು? ನಿನ್ನ ಚಪ್ಪಲಿ ಸವೆಯುತ್ತೆ, ಅಷ್ಟೇ.”

“ನಗು, ನಗು. ಹೆಸರು ಯಾರ ಮೈಮೇಲಿರುತ್ತೋ ಏಟು ಅವರಿಗೇ.”

“ಹಾಗಾದ್ರೆ ನಿಲ್ಸು.”

“ಅನ್ನೋಕೆ ನೀನ್ಯಾರೇ? ಹೊಡೆಸಿದೋರೇ ಬಂದು ಬಾಯಿಬಿಟ್ಟು ‘ಸಾಕು’ ಅನ್ಬೇಕು. ನಂಗೆ ಓದೋಕೆ ಬರಲ್ಲ, ಸನ್ನೆ ನಾನು ಒಪ್ಪಲ್ಲ. ಬಾಯ್ಮಾತೇ ಆಗ್ಬೇಕು.”

ಪುಯಿಹಾ ಕೂದಲು ಸರಿಮಾಡಿಕೊಂಡು ಹೊರಟೇಬಿಟ್ಟಳು.

ಮರುದಿನ ಧ್ವನಿಮುದ್ರಣ. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ದಪ್ಪ ಕಂಬಳಿ. ಮೊದಲ ಸಾಲು ಜೇನಿನಂತೆ ಹರಿಯಿತು. ಎರಡನೆಯದಕ್ಕೆ ಉಸಿರೆಳೆದಳು. ಸುಟ್ಟ ಕಾಗದದ ವಾಸನೆ. ಪಟ್. ತಿರುಗಿದಳು. ಯಾರೂ ಇಲ್ಲ. ಪಟ್. ನಾಲಿಗೆಯ ಮೇಲೆ ಬೂದಿ. ಪಟ್, ಪಟ್. ಸ್ವರ ಒಡೆಯಿತು. ಕೆಮ್ಮಿದಳು. ಅಂಗೈಗೆ ಬಿದ್ದದ್ದು ಕಫವಲ್ಲ. ಒದ್ದೆ ಹಳದಿ ಕಾಗದ. ಬೊಂಬೆಯ ಒಂದು ಪುಟ್ಟ ಕೈ.

ಓಡಿದಳು. ಶೂವೆನ್ ಬಾಡಿಗೆಗಿದ್ದ ಮನೆಯ ಮೆಟ್ಟಿಲಲ್ಲೇ ಅವಳಿಗೆ ಹಾಡು ಕೇಳಿಸಿತು. ಒಡಕಿಲ್ಲದ ದನಿ. ಒಳಗೆ ಶೂವೆನ್ ಹಿಟ್ಟು ನಾದುತ್ತಿದ್ದಳು.

“ಅಕ್ಕಾ, ನಿಮ್ಮ ಗಂಟಲು?” ಪುಯಿಹಾಳ ದನಿ ಗರಗಸದಂತಿತ್ತು.

“ಹೆಸರು ಕಿತ್ಕೊಂಡ ದಿನವೇ ಬಿಡ್ತು. ಈಗ ನಿಂಗೆ ಅಂಟಿತಾ?” ಶೂವೆನ್ ಹಿಟ್ಟಿಗೆ ಗುದ್ದಿದಳು. “ನನ್ನ ಹಾಡು ನಾನೇ ಆರಿಸ್ಕೋತೀನಿ ಅಂದೆ. ಅಷ್ಟಕ್ಕೇ ಆ ತಾಮ್ ಹೊಡೆಸಿದ. ಸಾಯ್ಲಿ ಅಂತಲ್ಲ, ಬಗ್ಲಿ ಅಂತ. ಆಮೇಲೆ ನಿಲ್ಲಿಸೋಕೆ ಮರೆತ. ಕೇಳಿಸ್ತಾ? ಮರೆತ! ಹೋಗಿ ಅತ್ತರೆ ನಕ್ಕ.”

“ನಾನು ಹೆಸರು ಬಿಟ್ಬಿಡ್ತೀನಿ.”

“ಬಿಡೋಕೆ ಅದು ನಿನ್ನದಾ? ಯಾರಾದ್ರೂ ನನ್ನದು ಅಂತ ಎತ್ಕೋಬೇಕು.”

ಇಳಿದು ಬರುವಾಗ ಪುಯಿಹಾಳಲ್ಲಿ ಹೆದರಿಕೆ ಉಳಿದಿರಲಿಲ್ಲ. ತಾಮನ ಮೇಲೆ ಸಿಟ್ಟಿತ್ತು.

ಚಿತ್ರೀಕರಣದ ಮುಹೂರ್ತ. ಕ್ಯಾಮೆರಾಕ್ಕೆ ಕೆಂಪು ಬಟ್ಟೆ, ಮುಂದೆ ಸುಟ್ಟ ಇಡೀ ಹಂದಿ. ಯಜಮಾನ ಊದುಬತ್ತಿ ಹಿಡಿದು ಒಬ್ಬೊಬ್ಬರನ್ನೇ ದೇವರಿಗೆ ಒಪ್ಪಿಸುವುದು ವಾಡಿಕೆ. ಆ ಹೊತ್ತಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

“ಇವಳು ಮೂ ಯೂನ್,” ಎಂದ ತಾಮ್.

“ಅಲ್ಲ.”

ಎಲ್ಲರೂ ತಿರುಗಿದರು.

“ನಾನು ಲೌ ಪುಯಿಹಾ. ಮೂ ಯೂನ್ ಬೀದಿಪಾಲಾದ್ಲು. ಈಗ ಯಾರೂ ಇಲ್ಲ ಆ ಹೆಸರಿಗೆ.”

ತಾಮನ ಮುಖ ಹಂದಿಯ ಚರ್ಮದಂತೆ ಕೆಂಪಾಯಿತು. “ಏನೇ ಅಂದೆ? ಹಾಡೋ ಹೆಣ್ಣುಗಳು ಬರ್ತವೆ, ಹೋಗ್ತವೆ. ಬೆಳೆಸಿದೋನು ನಾನು! ಮೂ ಯೂನ್ ಅಂದ್ರೆ ನಾನೇ ಕಣೇ! ನಾನೇ ಮೂ ಯೂನ್!”

ಊದುಬತ್ತಿ ಅವನ ಕೈಯಲ್ಲೇ ಇತ್ತು. ಹೊಗೆ ನೆಟ್ಟಗೆ ನಿಂತಿತು.

ಪಟ್.

ಈ ಸಲ ಎಲ್ಲರಿಗೂ ಕೇಳಿಸಿತು. ತಾಮ್ ಕತ್ತು ಮುಟ್ಟಿಕೊಂಡ. ಪಟ್. ಬಾಯಿ ತೆರೆದ. ದನಿಯಿಲ್ಲ. ಪಟ್, ಪಟ್, ಪಟ್. ಮೊಣಕಾಲೂರಿದ. ಹಲ್ಲುಗಳ ನಡುವಿನಿಂದ ಹಳದಿ ಕಾಗದ ಇಳಿಯಿತು. ತುಂಡಲ್ಲ. ಇಡೀ ಬೊಂಬೆ.

ಪುಯಿಹಾಗೆ ದನಿ ಮರಳಿತು, ಅರ್ಧ. ಮೇಲಿನ ಸ್ವರಗಳು ಮತ್ತೆಂದೂ ಸಿಗಲಿಲ್ಲ. ಸಣ್ಣ ಕ್ಲಬ್ಬೊಂದರಲ್ಲಿ, ಸ್ವಂತ ಹೆಸರಿನಲ್ಲಿ, ತಗ್ಗಿದ ದನಿಯಲ್ಲೇ ಹಾಡತೊಡಗಿದಳು.

ಒಂದು ಮಧ್ಯಾಹ್ನ ಅವಳು ಸೇತುವೆಯ ಕೆಳಗೆ ಹಾದುಹೋಗುವಾಗ ತಾಮ್ ಅಜ್ಜಿಯ ಮುಂದೆ ನಿಂತಿದ್ದ. ಸೂಟು ಜೋತುಬಿದ್ದಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕೈಮುಗಿದ. ಕಾಗದದಲ್ಲಿ ಬರೆದು ತೋರಿಸಿದ. ಅಜ್ಜಿ ಅದನ್ನು ತಿರುಗಾಮುರುಗಾ ನೋಡಿ ಹಿಂದಕ್ಕೆ ಕೊಟ್ಟಳು.

ಅವನು ಪುಯಿಹಾಳನ್ನು ಕಂಡ. ಕಣ್ಣಲ್ಲೇ ಬೇಡಿದ. ಅವನು ಬಂದದ್ದು ಯಾಕೆಂದು ಒಂದು ಮಾತು ಅಜ್ಜಿಗೆ ಹೇಳಬಹುದಿತ್ತು ಅವಳು.

ಅವಳು ತುಟಿ ಬಿಗಿಹಿಡಿದು ನಿಂತಳು.

“ಏನು ಸ್ವಾಮಿ?” ಅಜ್ಜಿ ಕಿವಿಗೆ ಕೈ ಹಿಡಿದಳು. “ಗಟ್ಟಿಯಾಗಿ ಹೇಳಿ.”

ಸ್ವಲ್ಪ ಹೊತ್ತು ಕಾದಳು. ಆಮೇಲೆ ಚಪ್ಪಲಿ ಎತ್ತಿದಳು.