ಅಳಿಸಿದ ಮೂರು ವಾಕ್ಯ

ಡಬ್ಬಿ ಇರಲಿಲ್ಲ.

ಯುವರಾಜ್ ಟ್ಯಾಂಕಿನೊಳಗೆ ಮತ್ತೊಮ್ಮೆ ಬಗ್ಗಿ ನೋಡಿದ. ಸಾರಜನಕದ ಬಿಳಿ ಹೊಗೆ ಅವನ ಕೈಗವಸನ್ನು ಸುತ್ತಿಕೊಂಡಿತು. ಜೆ.ಪಿ. ನಗರದ ಆ ಫರ್ಟಿಲಿಟಿ ಕ್ಲಿನಿಕ್ಕಿನ ಲ್ಯಾಬ್ ಅವನ ಉಸ್ತುವಾರಿಯಲ್ಲಿತ್ತು. ಗಾಜಿನಾಚೆ ಹಸಿರು ಗೌನ್ ತೊಟ್ಟು ಶುಭಾ ಮಲಗಿದ್ದಳು. ಅವಳ ಗರ್ಭಕ್ಕೆ ಭ್ರೂಣ ಸೇರಿಸುವ ದಿನ ಅದು. ಅವಳಿಗೆ ನಲವತ್ತು ದಾಟಿತ್ತು. ಉಳಿದಿದ್ದ ಎರಡು ಭ್ರೂಣಗಳೂ ಆ ಡಬ್ಬಿಯಲ್ಲೇ ಇದ್ದವು. ಇನ್ನೊಂದು ಸಲ ಆಗುವ ಮಾತಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ಮೇಡಂ, ಹೋದ ತಿಂಗಳೇ ವಿಲೇವಾರಿ ಆಗಿದೆ," ಎಂದ ಯುವರಾಜ್. ಅವಳ ಮುಖ ನೋಡಲಿಲ್ಲ.

"ಯಾರು ಹೇಳಿದ್ದು?"

"ಕಂಪ್ಯೂಟರಿನ ಏಜೆಂಟು."

ಗಂಡ ನಚಿಕೇತ ಕಾರು ತರಲು ಕೆಳಗೆ ಹೋದ. ಕಾರಿಡಾರಿನಲ್ಲಿ ಯುವರಾಜ್ ಅವಳ ಪಕ್ಕ ಬಂದು ನಿಂತ.

"ನಾನು ರಜೆಯಲ್ಲಿದ್ದೆ. ಡಬ್ಬಿ ತೆಗೀರಿ ಅಂತ ಏಜೆಂಟಿಂದ ಚೀಟಿ ಬಂತು, ಹುಡುಗ್ರು ತೆಗೆದ್ರು. ನಿಮ್ಮದಕ್ಕೆ ಕೆಂಪು ಪಟ್ಟಿ ಹಾಕಿದ್ವಿ ಮೇಡಂ. ಇವರಿಗೆ ಇದೇ ಕೊನೇದು ಅಂತ ಅರ್ಥ. ಅದಕ್ಕೆ ಚೀಟಿ ಬರೋದೇ ಇಲ್ಲ ಅಂತ ನಾವೆಲ್ಲ ನಂಬಿದ್ವಿ."

"ಕೆಂಪು ಪಟ್ಟಿ ವಿಷಯ ನಮಗೆ ಯಾಕೆ ಹೇಳಲಿಲ್ಲ?"

"ಹೆದರ್ತಾರೆ ಅಂತ ಪೇಷೆಂಟ್‌ಗಳಿಗೆ ಹೇಳಲ್ಲ. ಲ್ಯಾಬಿನ ಒಳಗಿನ ಗುರುತು."

* * *

"ಅಂದ್ರೆ ಕಂಪ್ಯೂಟರ್ ಮೇಲೆ ಎಫ್‌ಐಆರ್ ಹಾಕ್ಬೇಕಾ?" ಎಂದರು ಸಬ್‌ಇನ್‌ಸ್ಪೆಕ್ಟರ್ ಸರ್ವಮಂಗಳಾ.

ಕ್ಲಿನಿಕ್ಕಿನ ಆಫೀಸ್ ರೂಮಿನಲ್ಲಿ ಯಾರೂ ನಗಲಿಲ್ಲ. ಡಬ್ಬಿಗಳ ಲೆಕ್ಕ ನೋಡಿಕೊಳ್ಳುವ ಆ ಎಐ ಏಜೆಂಟನ್ನು ಮಾಡಿಕೊಟ್ಟಿದ್ದು ನಚಿಕೇತನ ಕಂಪನಿ. ಆ ಪರಿಚಯದ ಮೇಲೆಯೇ ಗಂಡಹೆಂಡತಿ ಇಲ್ಲಿಗೆ ಬಂದಿದ್ದರು.

ಲಿಖಿತ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅದೇ ಕಂಪನಿಗೆ ಹೊಸದಾಗಿ ಸೇರಿದವನು. ಕ್ಲಿನಿಕ್ಕಿನ ಏಜೆಂಟಿಗೆ ಬರೆದ ಸೂಚನೆಗಳ ಫೈಲು ಅವನ ಹೆಸರಿನಲ್ಲಿತ್ತು.

"ಏಜೆಂಟ್ ಕೈಗೆ ನಾವು ಟೂಲ್‌ಗಳನ್ನ ಕೊಟ್ಟಿರ್ತೀವಿ ಮೇಡಂ. ಫೋನ್ ಮಾಡೋಕೆ ಒಂದು, ಡಬ್ಬಿ ತೆಗೆಸೋಕೆ ಒಂದು. ಪ್ರತಿಯೊಂದಕ್ಕೂ ಒಂದು ವಿವರಣೆ ಬರೀತೀವಿ. ಯಾವಾಗ ಬಳಸಬೇಕು, ಯಾವಾಗ ಮುಟ್ಟಬಾರದು ಅಂತ. ಅದನ್ನ ಓದಿಯೇ ಅದು ನಿರ್ಧಾರ ಮಾಡೋದು."

"ಡಬ್ಬಿ ತೆಗೆಸೋದಕ್ಕೆ ಏನಂತ ಬರೆದಿದ್ದೆ?"

ಅವನು ಲ್ಯಾಪ್‌ಟಾಪ್ ತಿರುಗಿಸಿದ. ಒಂದೇ ವಾಕ್ಯ. 'ಅವಧಿ ಮುಗಿದ ಡಬ್ಬಿಗಳನ್ನು ತೆರವು ಮಾಡುತ್ತದೆ.'

"ಇದು ನಾನು ಬರೆದಿದ್ದಲ್ಲ ಮೇಡಂ. ಟೀಮಿಗೆಲ್ಲ ಒಂದೇ ಲಾಗಿನ್."

"ಲಿಖಿತ್," ಎಂದ ನಚಿಕೇತ ಮೆಲ್ಲಗೆ, "ತಪ್ಪು ಆಗುತ್ತಪ್ಪ. ಒಪ್ಕೋ." ಸರ್ವಮಂಗಳಾ ಕಡೆ ತಿರುಗಿದ. "ನಾನು ಆ ಫೈಲ್ ಒಂದು ಸಲಾನೂ ತೆರೆದಿಲ್ಲ. ಹೆಂಡ್ತಿ ಟ್ರೀಟ್‌ಮೆಂಟ್ ಇಲ್ಲಿ ಅಂತ ಬೇಕಂತಲೇ ದೂರ ಇದ್ದೆ."

"ನಿಮ್ಮ ಡಬ್ಬಿ ಅವಧಿ ಯಾಕೆ ಮುಗೀತು? ನಿಮ್ಮ ಫೋನಿಗೆ ನೆನಪಿನ ಮೆಸೇಜ್ ಬಂದಿದೆ."

"ಮರೆತೆ."

ಶುಭಾ ತಲೆಯೆತ್ತಿದಳು. ರಿನ್ಯೂ ಮಾಡಿಸಿದೆ ಎಂದು ಅವನು ಅವಳಿಗೆ ಹೇಳಿದ್ದ.

"ಲಿಖಿತ್, ನೀನು ಬರೆದ ಬೇರೆ ವಿವರಣೆ ತೋರ್ಸು," ಎಂದಳು.

ಅವನ ಬರವಣಿಗೆ ಉದ್ದಕ್ಕೆ ಹರಿದಿತ್ತು. 'ಈ ಟೂಲ್ ಬಹಳ ಉಪಯುಕ್ತವಾದದ್ದು, ಅಗತ್ಯ ಬಿದ್ದಾಗ ಸರಿಯಾಗಿ ನೋಡಿಕೊಂಡು, ಅಂದರೆ ಸಾಮಾನ್ಯವಾಗಿ...' ಜಯನಗರದ ಶಾಲೆಯಲ್ಲಿ ಶುಭಾ ಕೆಮಿಸ್ಟ್ರಿ ಟೀಚರ್. ಇಂಥ ಉತ್ತರಗಳ ಕಟ್ಟುಗಳನ್ನೇ ತಿದ್ದಿದವಳು. ಯಾವ ಬೆಂಚಿನವನು ಯಾರದನ್ನು ನೋಡಿ ಬರೆದ ಎಂದು ಪತ್ತೆ ಮಾಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು.

ಅವಳು ಸರ್ವಮಂಗಳಾರನ್ನು ಹೊರಗೆ ಕರೆದಳು.

* * *

ಬನಶಂಕರಿಯ ಮನೆ. ಫ್ರಿಡ್ಜಿನ ಮೇಲೆ ನಚಿಕೇತ ಅಂಟಿಸಿದ ಚೀಟಿ: 'ನೀಲಿ ಪಾತ್ರೆಯ ಹಿಟ್ಟು ಇವತ್ತಿಗೆ. ಸ್ಟೀಲ್ ಪಾತ್ರೆಯದು ಮುಟ್ಟಬೇಡ.' ಗೀಸರ್ ಸ್ವಿಚ್ಚಿನ ಮೇಲೂ ಒಂದಿತ್ತು.

ಸರ್ವಮಂಗಳಾ ಸೋಫಾದಲ್ಲಿ ಕಾಫಿ ಹಿಡಿದು ಕೂತಿದ್ದರು. "ನಾಳೆ ಆ ಹುಡುಗನನ್ನ ಅರೆಸ್ಟ್ ಮಾಡ್ತೀನಿ ಸಾರ್. ಆದ್ರೆ ಸರಿಯಾದ ವಿವರಣೆ ಹೇಗಿರ್ಬೇಕಿತ್ತು ಅಂತ ನಮ್ಮ ರಿಪೋರ್ಟಿಗೆ ಬೇಕು. ನಿಮಗಿಂತ ಚೆನ್ನಾಗಿ ಬರೆಯೋರಿಲ್ಲ ಅಂತೆ."

ನಚಿಕೇತ ಕನ್ನಡಕ ಸರಿ ಮಾಡಿಕೊಂಡ. "ಏನು ಮಾಡುತ್ತೆ ಅಂತ ಹೇಳಿದ್ರೆ ಸಾಲದು. ಯಾವಾಗ ಮಾಡಬಾರದು ಅಂತ ಹೇಳ್ಬೇಕು. ಬರ್ಕೊಳ್ಳಿ. ಗಂಡಹೆಂಡತಿ ಇಬ್ಬರ ಸಹಿ ಇದ್ದರೆ ಮಾತ್ರ ಬಳಸು. ಕೆಂಪು ಪಟ್ಟಿಯ ಡಬ್ಬಿಗೆ ಎಂದೂ ಬಳಸಬೇಡ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡ."

"ಕೆಂಪು ಪಟ್ಟಿ ಅಂದ್ರೆ ಏನು?" ಶುಭಾ ಕೇಳಿದಳು.

ನಚಿಕೇತ ಮತ್ತೆ ಕನ್ನಡಕಕ್ಕೆ ಕೈ ಹಾಕಿದ.

"ಲ್ಯಾಬಿನೋರಿಗೆ ಗೊತ್ತು. ಫೈಲ್ ಓದಿದೋರಿಗೆ ಗೊತ್ತು. ನೀನು ಫೈಲ್ ತೆರೆದೇ ಇಲ್ಲ ಅಂದೆ."

ಲಿಖಿತ್ ಹುಡುಕಿಕೊಟ್ಟ ಆ ವಿವರಣೆಯ ಹಳೆಯ ಪ್ರತಿಯನ್ನು ಸರ್ವಮಂಗಳಾ ಮೇಜಿನ ಮೇಲಿಟ್ಟರು. ಅವೇ ಮೂರು ವಾಕ್ಯ. ಅದೇ ಕ್ರಮದಲ್ಲಿ. ಅವನ್ನು ಮೊದಲು ಬರೆದವರು ಕಂಪನಿ ಬಿಟ್ಟು ಹೋಗಿದ್ದರು. ನಚಿಕೇತನ ಫೋನಿಗೆ ನೆನಪಿನ ಮೆಸೇಜ್ ಬಂದ ವಾರದಲ್ಲೇ ಯಾರೋ ಅವುಗಳನ್ನು ಅಳಿಸಿದ್ದರು.

"ದಡ್ಡ ಹುಡುಗ ಬೇಡದ್ದನ್ನೆಲ್ಲ ಬರೀತಾನೆ," ಎಂದಳು ಶುಭಾ. "ಫೈಲಿನಲ್ಲಿ ಉಳಿದಿರೋ ಆ ಒಂದು ವಾಕ್ಯದಲ್ಲಿ ಬೇಡದ್ದು ಒಂದೂ ಇಲ್ಲ. ಬೇಕಾದ್ದು ಮಾತ್ರ ಇಲ್ಲ. ಯಾವುದು ಬೇಕು ಅಂತ ಗೊತ್ತಿರೋನೇ ಹಾಗೆ ತೆಗೆಯೋಕೆ ಸಾಧ್ಯ. ಮತ್ತೆ ಹಿಟ್ಟಿನ ಪಾತ್ರೆಗೂ ಚೀಟಿ ಅಂಟಿಸೋನು ನಮ್ಮ ಡಬ್ಬಿ ಅವಧಿ ಮರೆಯಲ್ಲ. ಅವಧಿ ಮುಗಿಯೋಕೆ ಬಿಟ್ಟೆ, ತಡೆಯೋ ಮಾತು ಅಳಿಸಿದೆ. ಏಜೆಂಟ್ ಏನೂ ತಪ್ಪು ಮಾಡ್ಲಿಲ್ಲ. ನೀನು ಉಳಿಸಿಟ್ಟ ವಾಕ್ಯದ ಹಾಗೇ ನಡ್ಕೊಂಡ್ತು."

"ಇನ್ನೂ ಮೂರು ಮನೆಯವರ ಡಬ್ಬಿ ಹೋಗಿದೆ ಸಾರ್," ಎಂದರು ಸರ್ವಮಂಗಳಾ. "ಅವರೇನು ಮಾಡಿದ್ರು ನಿಮಗೆ?"

ನಚಿಕೇತ ನೆಲ ನೋಡುತ್ತಿದ್ದ. "ಅದು... ಅಷ್ಟು ದೂರ ಯೋಚಿಸಲಿಲ್ಲ." ಹೆಂಡತಿಯ ಕಡೆ ತಿರುಗಿದ. "ನನಗೆ ಮಗು ಬೇಕಿರಲಿಲ್ಲ ಶುಭಾ. ಯಾವತ್ತೂ."

"ಬೇಡ ಅನ್ನಬಹುದಿತ್ತು."

"ಅಂದಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ. ಅಮ್ಮ ಕೇಳ್ತಿದ್ರು. ಏಜೆಂಟ್ ಕೇಳಲ್ಲ."

ಸರ್ವಮಂಗಳಾ ಕಾಫಿ ಲೋಟ ಕೆಳಗಿಟ್ಟು ಎದ್ದರು. ನಚಿಕೇತ ಅವರ ಜೊತೆ ಹೊರಡಲು ಚಪ್ಪಲಿ ಮೆಟ್ಟಿಕೊಂಡ. ಅಭ್ಯಾಸಬಲದಿಂದ ಗೀಸರ್ ಸ್ವಿಚ್ಚಿನ ಕಡೆ ಒಮ್ಮೆ ನೋಡಿದ.

ಬಾಗಿಲು ಮುಚ್ಚಿತು. ಶುಭಾ ಹಳೆಯ ಪ್ರತಿಯನ್ನು ಕೈಗೆತ್ತಿಕೊಂಡು ಮೂರನೆಯ ವಾಕ್ಯ ಓದಿದಳು: 'ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡ.' ಪ್ರತಿ ಇಂಜೆಕ್ಷನ್ನಿಗೂ ಅವನು ಜೊತೆಗೆ ಬಂದಿದ್ದ. ಪ್ರತಿ ಸ್ಕ್ಯಾನಿಗೂ ಹೊರಗೆ ಕಾದಿದ್ದ. 'ಮುಂದುವರಿಯೋಣ ಅಲ್ವಾ?' ಎಂದು ಅವಳು ಪ್ರತಿ ಸಲವೂ ಕೇಳಿದ್ದಳು. ಅವನು ಏನೂ ಹೇಳಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಅವಳು ಮುಂದೆ ನಡೆದಿದ್ದಳು.

ಯಂತ್ರಕ್ಕಾದರೂ ಯಾರೋ ಒಬ್ಬರು ಆ ಮೂರನೆಯ ವಾಕ್ಯ ಬರೆದುಕೊಟ್ಟಿದ್ದರು. ಅವಳಿಗೆ ಯಾರೂ ಕೊಟ್ಟಿರಲಿಲ್ಲ.