ಬೆಳ್ಳಿ, ಕರಡಿ ಮತ್ತು ಹಿಂದಿನ ಕೋಣೆಯ ಬಾಗಿಲು

ಕನ್ನಡಕದ ಅಂಗಡಿಯವನು ಅವಳ ಕಣ್ಣಿಗಿಂತ ಮೊದಲು ತೋಳನ್ನು ನೋಡಿದ.

"ಮನೇಲಿ ನಾಯಿ ಇದೆ ಅಲ್ವಾ ಸಿಸ್ಟರ್? ಬಿಳೀದು. ವಯಸ್ಸಾಗಿದೆ."

ನರ್ಸ್ ಯೂನಿಫಾರ್ಮಿಗೆ ಅಂಟಿದ್ದ ಕೂದಲನ್ನು ಕೊಡವಿಕೊಂಡಳು. "ವಯಸ್ಸು ಹೇಗೆ ಗೊತ್ತಾಯ್ತು?"

"ಮರಿ ಸಾಕಿದವರ ಕೈತುಂಬ ಹಲ್ಲಿನ ಗೀರು ಇರುತ್ತೆ. ನಿಮ್ಮ ಕೈ ನೋಡಿ, ಎಷ್ಟು ಚೆನ್ನಾಗಿದೆ."

ಬಾಯಿಂದ ಬಿದ್ದ ಮೇಲೆ ಅವನ ಕಿವಿ ಕೆಂಪಾಯಿತು. ಗೋಡೆಯ ಮೇಲಿನ ಅಕ್ಷರ ಓದಬೇಕಾದವಳು ಆ ಕಿವಿಯನ್ನೇ ನೋಡುತ್ತ ಕುಳಿತಳು.

ಇಬ್ಬರಿಗೂ ನಲವತ್ತು ದಾಟಿತ್ತು. ಅಮ್ಮ ಹೋದ ಮೇಲೆ ಅವಳಿಗೆ ಉಳಿದಿದ್ದದ್ದು ಹದಿಮೂರು ವರ್ಷದ ಬೆಳ್ಳಿ. ಕಣ್ಣಿಗೆ ಪೊರೆ ಬಂದಿತ್ತು, ಗೋಡೆಗೆ ಮೈ ಸವರಿಕೊಂಡೇ ಓಡಾಡುತ್ತಿತ್ತು. ಅವನಿಗಿದ್ದದ್ದು ಕರಡಿ, ತೀರಿಕೊಂಡ ಅಣ್ಣನ ನಾಯಿ. ಹೆಸರಿಗೆ ತಕ್ಕ ಮೈ. ಆರು ತಿಂಗಳಲ್ಲಿ ರಿಜಿಸ್ಟರ್ ಮದುವೆಯಾಗಿ, ಅವನು ಕರಡಿಯ ಸಮೇತ ಅವಳ ಮನೆಗೆ ಬಂದ.

ಕಷ್ಟ ಶುರುವಾದದ್ದು ಆಮೇಲೆ. ಬೆಳ್ಳಿ ಹತ್ತಿರ ಬಂದರೆ ಕರಡಿ ಗುರ್ರೆನ್ನುತ್ತಿತ್ತು. ಬೆಳ್ಳಿಯ ಕಂಬಳಿಯನ್ನು ಕರಡಿಗೆ ಹಾಸಿದರು, ಕರಡಿಯದನ್ನು ಬೆಳ್ಳಿಗೆ, ಒಂದರ ವಾಸನೆ ಇನ್ನೊಂದಕ್ಕೆ ಒಗ್ಗಲಿ ಎಂದು. ಊಟ ಬೇರೆ ಬೇರೆ ಕೋಣೆಯಲ್ಲಿ. ತಟ್ಟೆ ಖಾಲಿಯಾದ ತಕ್ಷಣ ಎತ್ತಿಡಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಕರಡಿ ಹಿಂದಿನ ಕೋಣೆಯಲ್ಲಿ, ಬಾಗಿಲಿಗೆ ಚಿಲಕ.

"ಮದುವೆ ನಮ್ಮದು, ಷರತ್ತೆಲ್ಲ ಅವರದು. ಅಲ್ವಾ ಸಿಸ್ಟರ್?" ಎಂದು ನಗುತ್ತಿದ್ದ.

"ಇನ್ನಾದರೂ ಸಿಸ್ಟರ್ ಅನ್ನೋದು ಬಿಡ್ರೀ. ಪಕ್ಕದ ಮನೆಯವರು ಕೇಳಿಸಿಕೊಂಡರೆ ಏನಂದ್ಕೋತಾರೆ!"

ಎರಡು ತಿಂಗಳಾಗುವಾಗ ಎರಡೂ ನಾಯಿಗಳು ಒಂದೇ ಜಗುಲಿಯ ಎರಡು ತುದಿಯಲ್ಲಿ ಬಿಸಿಲು ಕಾಯಿಸಿಕೊಳ್ಳತೊಡಗಿದವು. ಅವಳ ಎದೆ ಹಗುರಾಯಿತು. ಎಚ್ಚರ ಸಡಿಲಾದದ್ದೂ ಆಗಲೇ ಇರಬೇಕು.

ಒಂದು ಮಧ್ಯಾಹ್ನ ವಾರ್ಡಿಗೆ ಅವನ ಫೋನು ಬಂತು. "ಬೇಗ ಬಾ." ಅಷ್ಟೇ.

ಅವನು ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಬೆಳ್ಳಿ. ಸಾವು ನೋಡಿ ಗೊತ್ತಿದ್ದ ನರ್ಸಿಗೆ ಟವೆಲ್ ಬಿಡಿಸಿ ನೋಡಬೇಕಾಗಿರಲಿಲ್ಲ. ಮೂಲೆಯಲ್ಲಿ ಕರಡಿ ಬಾಯಿ ನೆಕ್ಕಿಕೊಳ್ಳುತ್ತಿತ್ತು. ಹಿಂದಿನ ಕೋಣೆಯ ಬಾಗಿಲು ಹಾರುಹೊಡೆದಿತ್ತು.

"ಬಾಗಿಲು ಹಾಕದೇ ಹೋದದ್ದು ಯಾರು?"

ಅವನು ಅವಳ ಕೊರಳಲ್ಲಿದ್ದ ಐಡಿ ಕಾರ್ಡನ್ನು ನೋಡಿದ, ಆಮೇಲೆ ಮುಖವನ್ನು. "ನಾನೇ. ಚಿಲಕ ಬಿದ್ದಿರಲಿಲ್ಲ ಅನ್ಸುತ್ತೆ."

"ಅನ್ಸುತ್ತಾ? ಕಣ್ಣು ಕಾಣದ ಜೀವ ರೀ ಅದು! ಹೋಗಿ. ಅದನ್ನೂ ಕರ್ಕೊಂಡು ಹೋಗಿ. ನಿಮ್ಮ ಮುಖ ನೋಡೋಕಾಗಲ್ಲ ನಂಗೆ."

ಬೆಳ್ಳಿಯನ್ನು ಮಣ್ಣು ಮಾಡಿ, ಕೈ ತೊಳೆದುಕೊಂಡು, ಕರಡಿಯನ್ನು ಕರೆದುಕೊಂಡು ಅವನು ಹೊರಟುಹೋದ.

ಮೂರು ವಾರ ಅವಳು ಮನೆ ಗುಡಿಸಿದಳು. ಸೋಫಾದ ಕೆಳಗಿನಿಂದ ದಿನವೂ ಬಿಳಿ ಕೂದಲು ಬರುತ್ತಿತ್ತು. ಒಂದು ದಿನ ಏನೂ ಬರಲಿಲ್ಲ. ಅವತ್ತು ಪೊರಕೆ ಹಿಡಿದುಕೊಂಡೇ ಅತ್ತಳು.

ಮರುದಿನ ಬಸ್‌ಸ್ಟಾಪಿನಲ್ಲಿ ಲ್ಯಾಬಿನ ಹುಡುಗಿ ತಮಾಷೆ ಮಾಡಿದಳು. "ಇವತ್ತು ಐಡಿ ಕಾರ್ಡ್ ಇದೆ ತಾನೆ ಅಕ್ಕ? ಆವತ್ತಿನ ಥರ ಮನೆಗೆ ವಾಪಸ್ ಓಡಬೇಡಿ ಮತ್ತೆ."

"ಯಾವತ್ತು?"

"ಅದೇ, ಮಧ್ಯಾಹ್ನ ಫೋನ್ ಬಂದು ಹೊರಟುಹೋದ್ರಲ್ಲ, ಆವತ್ತು ಬೆಳಿಗ್ಗೆ."

ಕಾರ್ಡು ಇರುತ್ತಿದ್ದದ್ದು ಹಿಂದಿನ ಕೋಣೆಯ ಕೊಕ್ಕೆಯಲ್ಲಿ. ಅವನು ಹೊರಟ ಮೇಲೆ ಓಡಿ ಬಂದದ್ದು, ಕರಡಿಯನ್ನು ಮೊಣಕಾಲಿನಿಂದ ಒತ್ತರಿಸಿ ಕಾರ್ಡು ಎಳೆದುಕೊಂಡದ್ದು, ಬಾಗಿಲನ್ನು ಹಿಂಗೈಯಲ್ಲಿ ತಳ್ಳಿದ್ದು ಎಲ್ಲ ನೆನಪಾಯಿತು. ಚಿಲಕ ಹಾಕಿದ್ದು ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ.

ಬಸ್ಸು ಬಂದು ಹೋಯಿತು. ಅವಳು ಅಂಗಡಿಯತ್ತ ನಡೆದಳು.

ಮಸೂರ ಉಜ್ಜುವ ಒಳಕೋಣೆಯಲ್ಲಿ ಅವನು ಗಡ್ಡ ಬಿಟ್ಟುಕೊಂಡು ಕೂತಿದ್ದ. ಮೇಜಿನ ಕೆಳಗೆ ಮಲಗಿದ್ದ ಕರಡಿಯ ಪಕ್ಕೆಲುಬು ಎಣಿಸಬಹುದಿತ್ತು.

"ಬಾಗಿಲು ಹಾಕದೇ ಹೋದವಳು ನಾನು."

ಅವನು ಯಂತ್ರ ನಿಲ್ಲಿಸಿದ. "ಗೊತ್ತು. ನಾನು ಹೊರಡುವಾಗ ನಿನ್ನ ಕಾರ್ಡು ಅಲ್ಲೇ ನೇತಾಡ್ತಿತ್ತು. ಬಂದಾಗ ಇರಲಿಲ್ಲ."

"ಮತ್ತೆ ಬಾಯಿಗೇನಾಗಿತ್ತು? ಅಷ್ಟೆಲ್ಲ ಬೈದೆನಲ್ಲ!"

"ಮಕ್ಕಳ ವಾರ್ಡಲ್ಲಿ ಸೂಜಿ ಹಿಡಿಯೋ ಕೈ ನಿಂದು. ನಾನೇ ಕೊಂದೆ ಅಂತ ಅದು ನಡುಗೋಕೆ ಶುರುವಾದ್ರೆ..." ಅವನು ಬೆರಳಿಗೆ ಹತ್ತಿದ್ದ ಗಾಜಿನ ಪುಡಿಯನ್ನು ಒರೆಸಿಕೊಂಡ. "ನಂದೇನು, ಗಾಜು ಉಜ್ಜೋ ಕೈ. ನಡುಗಿದ್ರೂ ನಡೆಯುತ್ತೆ."

ಅವಳು ಸ್ಟೂಲಿನ ಮೇಲೆ ಕುಸಿದಳು. "ಹದಿಮೂರು ವರ್ಷ ರೀ. ಕೊನೆಗೆ ನನ್ನ ಕೈಯಿಂದಲೇ ಹೀಗಾಯ್ತಲ್ಲ."

ಅವನು ಎದುರಿಗೆ ಮಂಡಿಯೂರಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡ. ನಿಜವಾಗಿಯೂ ನಡುಗುತ್ತಿದ್ದವು. ನಡುಕ ನಿಲ್ಲುವವರೆಗೆ ಬಿಡಲಿಲ್ಲ.

"ಮನೆಗೆ ಬನ್ನಿ," ಎಂದಳು ಕೊನೆಗೆ. "ನೀವಿಲ್ಲದೆ ನಂಗಾಗಲ್ಲ. ಕರಡಿನೂ ಬರಲಿ. ಆದ್ರೆ ಅದನ್ನ ಮುಟ್ಟು ಅಂತ ಹೇಳಬೇಡಿ. ಯಾವತ್ತಾದ್ರೂ ಮುಟ್ತೀನೋ ಇಲ್ವೋ, ಗೊತ್ತಿಲ್ಲ."

"ಹೇಳಲ್ಲ."

ಅವನು ಅಂಗಡಿಯ ಷಟರ್ ಎಳೆದ. ಬಲಗೈಯಲ್ಲಿ ಕರಡಿಯ ಹಗ್ಗ, ಎಡಗಡೆ ಅವಳು. ಅವಳು ನಾಯಿಯ ಕಡೆ ತಿರುಗಲಿಲ್ಲ; ಅದೂ ತಲೆ ತಗ್ಗಿಸಿಕೊಂಡು ನಡೆಯಿತು. ರಸ್ತೆ ದಾಟುವಾಗ ಅವಳು ಅವನ ಎಡಗೈ ಹಿಡಿದಳು. ದಾಟಿದ ಮೇಲೂ ಬಿಡಲಿಲ್ಲ.