ಮೊದಲು ತೆರೆಯುವ ಕದ

ಆ ಬೆಳಿಗ್ಗೆ ನಾನು ಶ್ರೀಹರ್ಷನ ತಲೆಗೆ ಕೊಡತಿಯಿಂದ ಹೊಡೆಯದೆ ಬಿಟ್ಟಿದ್ದೇ ದೊಡ್ಡದು.

ಕನ್ನಡದವರೂ ತೆಲುಗಿನವರೂ ಕೂಡಿ ಇರುವ ಕುಷಾಯಿಗೂಡದ ನಮ್ಮ ಕಾಲೊನಿಗೆ ತೇಗದ ಹೆಬ್ಬಾಗಿಲು ಬರುವುದಿತ್ತು. ಅಧ್ಯಕ್ಷ ರಾಮಕೃಷ್ಣ ಸರ್ ಫ್ಯಾಕ್ಟರಿ ಕೆಲಸದ ಮೇಲೆ ಪೋಲೆಂಡಿಗೆ ಹೋದಾಗ, ಹಂಗೇರಿಯವರ ಜೊತೆಗಿನ ಸ್ನೇಹಕ್ಕೆಂದು ಅಲ್ಲಿ ನಿಲ್ಲಿಸಿದ್ದ ಕೆತ್ತನೆಯ ಮರದ ಬಾಗಿಲು ನೋಡಿ ಬಂದಿದ್ದರು. ಅಂದಿನಿಂದ ಅದೇ ಜಪ. ನಮ್ಮಲ್ಲೂ ಒಂದು ಕದ ಕನ್ನಡದವರದು, ಒಂದು ತೆಲುಗಿನವರದು ಆಗಬೇಕಂತೆ.

ಕನ್ನಡದ ಕದ ನನಗೆ ಬಂತು. ಬಡಗಿ ದ್ಯಾವಪ್ಪನ ಮಗಳು ಅಂತಲ್ಲ, ವನಜಾ ಅಂತ ನನ್ನ ಹೆಸರಿಗೇ ಸಿಕ್ಕ ಮೊದಲ ಕೆಲಸ. ತೆಲುಗಿನ ಕದ ನಿರ್ಮಲ್ ಊರಿನ ಶ್ರೀಹರ್ಷನಿಗೆ ಹೋಯಿತು. ನಾಲ್ಕು ತಿಂಗಳು ನಾನು ಇಲ್ಲಿ ಕೆತ್ತಿದೆ, ಅವನು ಊರಿನ ಆ ತುದಿಯ ಮೆಹದಿಪಟ್ಟಣಂನಲ್ಲಿ.

ಎರಡು ವರ್ಷ ಒಂದೇ ಟಿಂಬರ್ ಡಿಪೋದಲ್ಲಿ ಕೆಲಸ ಮಾಡಿದವರು ನಾವು. ಅವನಿಗೆ ಕನ್ನಡ ಕಲಿಸಿದವಳು ನಾನೇ. ಭಾನುವಾರ ಕೋಠಿಯ ಬಸ್ ನಿಲ್ದಾಣದ ಬಳಿ ಚಹಾ ಕುಡಿಯುವಾಗ ನನ್ನ ಬೆರಳಿಗೆ ಅಂಟಿದ ಮರದ ಪುಡಿಯನ್ನು ಅವನು ಮೆಲ್ಲಗೆ ಊದುತ್ತಿದ್ದ. ಕೈ ಮಾತ್ರ ಮುಟ್ಟುತ್ತಿರಲಿಲ್ಲ. ನಾನು ಬಸ್ಸು ನೋಡುವವಳ ಹಾಗೆ ನಟಿಸುತ್ತಿದ್ದೆ, ಅವನು ಅದನ್ನು ಕಂಡು ನಗುತ್ತಿದ್ದ. ಹಾಳಾದವನು, ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ.

ಉದ್ಘಾಟನೆಯ ದಿನ ಕದಗಳನ್ನು ಚೌಕಟ್ಟಿಗೆ ಏರಿಸಿ ಮುಚ್ಚಲು ಹೋದರೆ ಮುಚ್ಚಲೇ ಇಲ್ಲ.

ಜೋಡಿ ಕದದಲ್ಲಿ ನಡುವಿನ ಸಂದು ಮುಚ್ಚಲು ಒಂದು ಕದಕ್ಕೆ ಪಟ್ಟಿ ಇರುತ್ತದೆ. ಪಟ್ಟಿ ಇರುವ ಕದ ಮೊದಲು ತೆರೆಯಬೇಕು, ಆಮೇಲೆ ಇನ್ನೊಂದು. ನನ್ನ ಕದದ ಪಟ್ಟಿಯಲ್ಲಿ ಮೇಲಿನಿಂದ ಕೆಳಗಿನ ತನಕ ಜೋಳದ ತೆನೆ. ಅವನ ಕದಕ್ಕೂ ಪಟ್ಟಿ, ಅದರ ತುಂಬ ತಂಗಡಿ ಹೂವು! ಎರಡೂ ಒಂದಕ್ಕೊಂದು ಹಾಯ್ದು ನಿಂತವು.

"ಹನ್ನೊಂದಕ್ಕೆ ಜನ ಬರ್ತಾರೆ," ಎಂದರು ರಾಮಕೃಷ್ಣ ಸರ್. "ಯಾರಾದ್ರೂ ಒಬ್ರು ಪಟ್ಟಿ ಕೊಯ್ದುಬಿಡಿ. ಇಲ್ಲಾಂದ್ರೆ ಎರಡನ್ನೂ ಇಳಿಸಿ ಕಬ್ಬಿಣದ ಗೇಟ್ ಹಾಕಿಸ್ತೀನಿ."

ನಾನು ಶ್ರೀಹರ್ಷನ ಕಡೆ ತಿರುಗಿದೆ. "ಪಟ್ಟಿ ನನ್ನ ಕದಕ್ಕ ಅಂತ ಗೊತ್ತಿರ್ಲಿಲ್ಲೇನ ನಿನಗ?"

"ನನ್ನ ಕದಕ್ಕ ಅಂತ ಹೇಳ್ಯಾರ."

"ಸುಳ್ಳ ಹೇಳಬ್ಯಾಡ! ನಾಕ ತಿಂಗಳು ಎದುರಿಗೆ ಕುಂತು ಚಾ ಕುಡದಿ, ಒಂದ ಮಾತ ಬಾಯಿ ಬಿಡ್ಲಿಲ್ಲ. ನಿಮ್ಮವರ ಕದಾನ ಮೊದಲ ತೆರೀಬೇಕು, ಅಷ್ಟ ಅಲ್ಲೇನ?"

"ನೀವು ಬಾಯಿ ಬಿಟ್ರೇನು, ಮೇಡಂ?"

ಸಿಟ್ಟು ಬಂದಾಗ ಮಾತ್ರ ಅವನು ನನ್ನನ್ನು ಮೇಡಂ ಅನ್ನುತ್ತಾನೆ.

"ಸರ್ ಹೇಳಬ್ಯಾಡ ಅಂದ್ರು," ಎಂದೆ. "ತೆಲುಗಿನವರಿಗೆ ಬ್ಯಾಸರ ಆಗ್ತೈತಿ ಅಂದ್ರು."

"ಅರೇ, ನನಗೂ ಅದನ್ನ ಅಂದ್ರು! ಕನ್ನಡದವರಿಗೆ ಬ್ಯಾಸರ ಆಗ್ತೈತಿ, ವನಜಾಗ ಹೇಳಬ್ಯಾಡ ಅಂತ."

ಇಬ್ಬರೂ ಒಟ್ಟಿಗೆ ತಿರುಗಿದೆವು. ರಾಮಕೃಷ್ಣ ಸರ್ ಮೊಬೈಲಿನಲ್ಲಿ ಏನೋ ಹುಡುಕತೊಡಗಿದ್ದರು.

"ಎರಡೂ ಕಡೆಯವರು ಹಟ ಹಿಡಿದ್ರಮ್ಮ," ಎಂದರು ತಲೆ ಎತ್ತದೆ. "ಯಾರಿಗೆ ಅಂತ ಇಲ್ಲ ಅನ್ನಲಿ?"

ನನ್ನ ಸಿಟ್ಟೆಲ್ಲ ಅವರ ಮೇಲೆ ಹೋಗಬೇಕಿತ್ತು. ಅರ್ಧ ಹೋಯಿತು. ಉಳಿದರ್ಧದಲ್ಲಿ ನನ್ನ ಪಾಲೂ ಇತ್ತು, ಏಕೆಂದರೆ ನಾಲ್ಕು ತಿಂಗಳು ನಾನೂ ಬಚ್ಚಿಟ್ಟಿದ್ದೆ. ಅವನ ಕದಕ್ಕಿಂತ ನನ್ನದು ಮೊದಲು ತೆರೆಯುತ್ತದೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಅಷ್ಟರಲ್ಲಿ ಶ್ರೀಹರ್ಷ ಗರಗಸ ಎತ್ತಿ ತನ್ನ ತಂಗಡಿ ಹೂವಿನ ಮೇಲೆ ಇಟ್ಟ.

"ನಂದ ಕೊಯ್ತೀನಿ. ಇದು ನಿನ್ನ ಮೊದಲ ಕೆಲಸ."

ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮಣಿಕಟ್ಟು ಹಿಡಿದೆ. ಎರಡು ವರ್ಷದಲ್ಲಿ ಮೊದಲ ಸಲ ಮುಟ್ಟಿದ್ದು, ಅದೂ ಹೀಗೆ.

"ದಾನ ಮಾಡಾಕತ್ತೀಯೇನ? ಯಾರು ಕೇಳ್ಯಾರ ನಿನ್ನ? ದಿನಾ ಆ ಬೋಳ ಕದ ನೋಡ್ಕೊಂತ ನಾ ಹೆಂಗ ಓಡಾಡ್ಲಿ ಇಲ್ಲಿ?"

"ಮತ್ತೇನ ಮಾಡ್ಲಿ?" ಅವನೂ ಕೂಗಿದ. "ನಿಂದ ಕೊಯ್ಯಾಕ ನನಗ ಕೈ ಬರಂಗಿಲ್ಲ! ಆ ತೆನಿ ನೋಡೀಯೇನ ನೀ? ಒಂದೊಂದ ಕಾಳು ಬಿಡಿಸೀದಿ!"

"ಬೈಯಾಕತ್ತೀಯೋ, ಹೊಗಳಾಕತ್ತೀಯೋ?"

"ಎರಡೂ!"

ಅವನ ಕಣ್ಣು ಕೆಂಪಾಗಿತ್ತು. ನನಗೆ ಅವನು ಬೇಕು, ಹೀಗೆ ಕೂಗುವವನೇ ಬೇಕು ಎಂದು ಆಗಲೇ ಖಾತ್ರಿಯಾಯಿತು. ಅದಕ್ಕೂ ಸಿಟ್ಟು ಬಂತು.

ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಎರಡೂ ಪಟ್ಟಿಗಳ ನಟ್ಟನಡುವೆ ಅಡ್ಡಗೆರೆ ಎಳೆದೆ. "ಮ್ಯಾಲೆ ನಂದ ಇರ್ಲಿ, ಕೆಳಗ ನಿಂದ ಇರ್ಲಿ. ಉಳಿದದ್ದ ಕೊಯ್ಯೂಣು."

ಅವನು ಗೆರೆ ನೋಡಿದ, ಆಮೇಲೆ ನನ್ನನ್ನು ನೋಡಿದ. "ಹಂಗ ಮಾಡಿದ್ರ ಯಾವ ಕದಾನೂ ತಾನೊಂದ ತೆರಿಯಂಗಿಲ್ಲ. ಎರಡೂ ಕೂಡೇ ಎಳೀಬೇಕು."

"ಗೊತ್ತೈತಿ."

ನನ್ನ ಅರ್ಧ ತೆನೆ ಕೆಳಗೆ ಬಿದ್ದಾಗ ಅತ್ತುಬಿಟ್ಟೆ. ಅವನು ಅಳಲಿಲ್ಲ, ಆದರೆ ಗರಗಸ ಎರಡು ಸಲ ನಿಲ್ಲಿಸಿದ.

ಈ ಸಲ ಬಾಗಿಲು ಮುಚ್ಚಿತು. ರಾಮಕೃಷ್ಣ ಸರ್ ಬಂದು ಒಂದು ಕದ ಎಳೆದರು, ಇನ್ನೊಂದು ಎಳೆದರು. ಯಾವುದೂ ಕದಲಲಿಲ್ಲ.

"ಇದೇನಮ್ಮ, ಒಬ್ಬರಿಂದ ತೆಗೆಯೋಕೇ ಆಗಲ್ಲ!"

"ಹೌದ್ರಿ, ಆಗಂಗಿಲ್ಲ."

"ದಿನಾ ಇಬ್ಬಿಬ್ಬರನ್ನ ಎಲ್ಲಿಂದ ತರಲಿ?"

"ಒಬ್ಬ ಇಲ್ಲೇ ಅದಾನ್ರಿ," ಎಂದ ಶ್ರೀಹರ್ಷ, ನನ್ನನ್ನೇ ನೋಡುತ್ತ. "ಇನ್ನೊಬ್ಬಾಕಿಗೆ ಸಿಟ್ಟ ಇಳಿದಿಲ್ಲ."

"ಇಳಿದಿಲ್ಲ," ಎಂದೆ. "ಮದುವಿ ಆದಮ್ಯಾಲೂ ಇಳಿಯಂಗಿಲ್ಲ. ಅಷ್ಟಕ್ಕ ಒಪ್ಪಿಗಿ ಇದ್ರ ನಿನ್ನ ಕದ ಹಿಡಿ."

ಅವನು ಎರಡೂ ಕೈಯಿಂದ ಹಿಡಿದ. ನಾನು ನನ್ನದನ್ನು ಹಿಡಿದೆ. ಒಂದು, ಎರಡು, ಮೂರು ಅಂತ ಯಾರೂ ಎಣಿಸಲಿಲ್ಲ, ಒಟ್ಟಿಗೆ ಎಳೆದೆವು.